ಗಾಜಿಗೆ ಬಣ್ಣ ಬಳಿಯಲಿಕ್ಕೆ ಎಂಎಸ್ಸಿ ಯಾಕೆ?

ಕಳೆದ ಸಲ ಊರಿಗೆ ಹೋದಾಗ ಕಾರ್ಕಳದ ಚಿಕ್ಕಮ್ಮನ ಮನೆಯಲ್ಲಿ ಪಂಚಾಯಿತಿ ನಡೀತಿತ್ತು. ಬಿಎಸ್ಸಿ ಮುಗಿಸಿದ ತಂಗಿ ಮಣಿಪಾಲಕ್ಕೆ ಹೋಗಿ ಎಂಎಸ್ಸಿ ಫಿಸಿಕ್ಸ್ ಮಾಡ್ತೀನಿ, ಆಕ್ಸೈಡ್ ತೆಳುಪದರಗಳ ಮೇಲೆ ಪ್ರಾಜೆಕ್ಟ್ ಮಾಡ್ತೀನಿ ಅಂತಾಳೆ. ಚಿಕ್ಕಮ್ಮ ನನ್ನ ಕಡೆ ತಿರುಗಿದ್ರು: "ನೀನೇ ಹೇಳು ಮಾರಾಯ, ಗಾಜಿಗೆ ಬಣ್ಣ ಬಳಿಯಲಿಕ್ಕೆ ಎಂಎಸ್ಸಿ ಯಾಕೆ? ಬಿಎಡ್ ಮಾಡಿದ್ರೆ ಕೆಲಸವಾದ್ರೂ ಉಂಟು."

ಇಂಜಿನಿಯರಿಂಗ್ ಓದಿ ಸುದ್ದಿ ಓದ್ತಿರೋ ನಾನು ಯಾರಿಗೆ ಬುದ್ಧಿ ಹೇಳಲಿ? ಆದ್ರೆ ಈ ಪ್ರಶ್ನೆಗೆ ಉತ್ತರಿಸಲೇಬೇಕಿತ್ತು. ಯಾಕಂದ್ರೆ ನನ್ನ ಅನ್ನ ಆ "ಬಣ್ಣ"ದ ಮೇಲೇ ನಿಂತಿದೆ.

ನಾನು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತೀನಿ ಅನ್ಸುತ್ತೆ ಅಲ್ವಾ? ಇಲ್ಲ ಸ್ವಾಮಿ. ಕ್ಯಾಮೆರಾ ಮುಂದೆ ಓರೆಯಾಗಿ ನಿಂತ ಒಂದು ಗಾಜಿದೆ. ಕೆಳಗಿನ ಮಾನಿಟರ್‌ನ ಅಕ್ಷರ ಅದರಲ್ಲಿ ಪ್ರತಿಫಲಿಸಿ ನನಗೆ ಕಾಣುತ್ತೆ. ಅದರ ಮೂಲಕವೇ ಕ್ಯಾಮೆರಾ ನನ್ನ ಮುಖ ನೋಡುತ್ತೆ. ಬರೀ ಗಾಜಿನ ಒಂದು ಮುಖ ಶೇ. 4ರಷ್ಟು ಬೆಳಕನ್ನ ಮಾತ್ರ ವಾಪಸ್ ಕಳಿಸುತ್ತೆ. ಅದೇ ಗಾಜಿನ ಮೇಲೆ ಸುಮಾರು 60 ನ್ಯಾನೋಮೀಟರ್ ದಪ್ಪದ ಟೈಟಾನಿಯಂ ಆಕ್ಸೈಡ್ ಪದರ ಕೂರಿಸಿ, ನೇರವಾಗಿ ಬಿದ್ದ ಬೆಳಕಿನ ಶೇ. 30ರಷ್ಟು ವಾಪಸ್ ಬರುತ್ತೆ. ನಮ್ಮ ತಲೆಗೂದಲು ಇದಕ್ಕಿಂತ ಸಾವಿರ ಪಟ್ಟು ದಪ್ಪ!

ಇದರಲ್ಲಿ ಬಣ್ಣವೇ ಇಲ್ಲ. ಮಲ್ಪೆ ಬಂದರಿನ ನೀರಿನ ಮೇಲೆ ಡೀಸೆಲ್ ಹರಡಿದಾಗ ಕಾಮನಬಿಲ್ಲು ಕಾಣುತ್ತಲ್ಲ, ಅದೇ ಆಟ. ಪದರದ ಮೇಲ್ಮೈಯಿಂದ ಒಂದು ಅಲೆ, ತಳದಿಂದ ಇನ್ನೊಂದು ಅಲೆ ವಾಪಸ್ ಬರುತ್ತೆ. ಎರಡೂ ಹೆಜ್ಜೆ ಹಾಕಿ ಕೂಡಿದ್ರೆ ಹೊಳಪು, ಹೆಜ್ಜೆ ತಪ್ಪಿದ್ರೆ ಒಂದನ್ನೊಂದು ಅಳಿಸುತ್ತೆ. ನಿಮ್ಮ ಕನ್ನಡಕದ ಆ ಹಸಿರು ಛಾಯೆಯ ಕೋಟಿಂಗ್ ಮಾಡೋದು ಈ ಎರಡನೇ ಕೆಲಸ.

ಇಂಥ ಪದರ ಮಾಡುವ ಒಂದು ವಿಧಾನ ನೀರುದೋಸೆ ಥರ: ಕಾದ ಗಾಜಿನ ಮೇಲೆ ಲೋಹದ ಲವಣದ ದ್ರಾವಣ ಸಿಂಪಡಿಸಿದ್ರೆ ನೀರು ಹಾರಿ ಆಕ್ಸೈಡ್ ಉಳಿಯುತ್ತೆ. ಶಾಖ ಹೆಚ್ಚಾದ್ರೆ ಪರಮಾಣುಗಳು ಸಾಲಾಗಿ ನಿಂತು ಹರಳಾಗುತ್ತವೆ. ಕಡಿಮೆಯಿದ್ರೆ ಎಲ್ಲಿದ್ದವೋ ಅಲ್ಲೇ ಗಟ್ಟಿಯಾಗುತ್ತವೆ. ಈ ಎರಡನೆಯದೇ ಅಮಾರ್ಫಸ್, ಅಂದ್ರೆ ಅಸ್ಫಟಿಕ. ಉಡುಪಿ ರಥಬೀದಿಯ ವಿಟ್ಲಪಿಂಡಿ ಜನಜಂಗುಳಿ ನೆನಪಿಸಿಕೊಳ್ಳಿ. ಪ್ರತಿಯೊಬ್ಬರೂ ಪಕ್ಕದವರ ಕೈ ಹಿಡಿದಿದ್ದಾರೆ, ಆದ್ರೆ ಬೀದಿಯುದ್ದಕ್ಕೂ ಸಾಲಿಲ್ಲ.

ಸಾಲಿಲ್ಲದ್ದು ದೋಷವಾ? ಅಲ್ಲ! ಸಣ್ಣ ಸಣ್ಣ ಹರಳು ಕೂಡಿದ ಪದರದಲ್ಲಿ ಅವುಗಳ ಗಡಿಗಳು ಬೆಳಕನ್ನ ಚದುರಿಸಿ ಮಬ್ಬು ತರಬಹುದು. ಅಸ್ಫಟಿಕದಲ್ಲಿ ಆ ಗಡಿಗಳೇ ಇಲ್ಲ. ಹಾಗಾಗಿ ನುಣುಪು, ತಿಳಿ. ಆದ್ರೆ ಆಮ್ಲಜನಕ ಸ್ವಲ್ಪ ಕಮ್ಮಿ ಬಿದ್ರೂ ಪದರ ಕಪ್ಪಿಡುತ್ತೆ, ದಪ್ಪ ಸ್ವಲ್ಪ ತಪ್ಪಿದ್ರೂ ಹೊಳಪಿನ ಲೆಕ್ಕ ಕೆಡುತ್ತೆ. ಚಿಕ್ಕಮ್ಮ, ಎಂಎಸ್ಸಿ ಬೇಕಾಗೋದು ಇಲ್ಲಿ!

ಇನ್ನೂ ಇದೆ. 2004ರಲ್ಲಿ ಜಪಾನಿನ ಹಿದೆಯೊ ಹೊಸೊನೊ ತಂಡ ಇಂಡಿಯಂ, ಗ್ಯಾಲಿಯಂ, ಸತುವಿನ ಅಸ್ಫಟಿಕ ಆಕ್ಸೈಡ್‌ನಿಂದ ಬಾಗುವ ಪ್ಲಾಸ್ಟಿಕ್ ಮೇಲೆ ಪಾರದರ್ಶಕ ಟ್ರಾನ್ಸಿಸ್ಟರ್ ಮಾಡಿತು. ಈ ಲೋಹಗಳ ಎಲೆಕ್ಟ್ರಾನ್ ಮೋಡ ದೊಡ್ಡದು, ದುಂಡಗಿನದು. ಸಾಲು ತಪ್ಪಿದ್ರೂ ಒಂದಕ್ಕೊಂದು ತಾಗಿಕೊಂಡೇ ಇರುತ್ತೆ, ವಿದ್ಯುತ್ ಸಲೀಸಾಗಿ ದಾಟುತ್ತೆ. ಇವತ್ತು ಎಷ್ಟೋ ಒಎಲ್‌ಇಡಿ ಟಿವಿಗಳ ಚುಕ್ಕಿಚುಕ್ಕಿಯನ್ನೂ ಆಡಿಸೋದು ಇದೇ. ಇಂಥ ಪ್ಯಾನಲ್‌ಗಳು ನಮಗೆ ಹೆಚ್ಚಾಗಿ ಬರೋದು ಹೊರದೇಶದಿಂದ. ನಾವು ಜೋಡಿಸ್ತೀವಿ, ಅಷ್ಟೆ. ಇತ್ತ ಮಣಿಪಾಲದ ಎಂಐಟಿಯ ಭೌತಶಾಸ್ತ್ರ ವಿಭಾಗದಲ್ಲಿ ವರ್ಷಗಳಿಂದ ಆಕ್ಸೈಡ್ ಪದರಗಳ ಸಂಶೋಧನೆ ನಡೀತಿದೆ. ಆ ಲ್ಯಾಬಿಗೂ ಕಾರ್ಖಾನೆಗೂ ನಡುವಿನ ದಾರಿ ಹಾಕೋರು ಯಾರು? ಹಾಕೋ ಮಕ್ಕಳನ್ನ ನಾವೇ ಬಾಗಿಲಲ್ಲಿ ತಡೆದು ನಿಲ್ಲಿಸಿದ್ರೆ?

"ಕೆಲಸದ ಗ್ಯಾರಂಟಿ ನಾನು ಕೊಡಲ್ಲ ಚಿಕ್ಕಮ್ಮ," ಅಂದೆ. "ಆದ್ರೆ ನಾನು ಓದೋ ಗಾಜೂ ಅದೇ, ನೀವು ನೋಡೋ ಪರದೆಯೂ ಅದೇ."

ಚಿಕ್ಕಮ್ಮ ಕನ್ನಡಕ ತೆಗೆದು ಬೆಳಕಿಗೆ ಹಿಡಿದು ನೋಡಿದ್ರು. ಆಮೇಲೆ ಮಗಳಿಗೆ ಹೇಳಿದ್ರು: "ಫೀಸು ಎಷ್ಟು ಅಂತ ಕೇಳಿಕೊಂಡು ಬಾ."