ಪೊಟ್ಟಣ ಕಟ್ಟಿದ ಮಾತು

ಕಛೇರಿಯೊಂದರಲ್ಲಿ ಹತ್ತು ದೂರವಾಣಿಗಳಿದ್ದರೆ ಅವುಗಳನ್ನು ಒಂದಕ್ಕೊಂದು ಕೂಡಿಸಲು ವಿನಿಮಯ ಕೇಂದ್ರವೊಂದು ಇರಲೇಬೇಕು. ೧೯೮೬ರ ಜುಲೈ ತಿಂಗಳಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯವರ ೧೨೮ ತಂತಿಗಳ ಗ್ರಾಮೀಣ ಸ್ವಯಂಚಾಲಿತ ಕೇಂದ್ರವು ಕಾರ್ಯಾರಂಭ ಮಾಡಿತಷ್ಟೆ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಧೂಳನ್ನೂ ಸೆಕೆಯನ್ನೂ ತಾಳಿಕೊಳ್ಳುವಂತೆ ಅದನ್ನು ರಚಿಸಿದ್ದರು. ಇಂದು ಚಿಕ್ಕ ಕಛೇರಿಯ ಮಟ್ಟಿಗೆ ಆ ಕೆಲಸವನ್ನು ಹಳೆಯ ಕಂಪ್ಯೂಟರೊಂದು ಮಾಡಬಲ್ಲುದು. ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ತರುಣನು ತನ್ನ ಚಿಕ್ಕ ಉದ್ಯಮಕ್ಕೆ ಇಂಥ ಕೇಂದ್ರವನ್ನು ಕೊಳ್ಳುವುದು ದುಬಾರಿಯೆಂದು ಕಂಡು, ೧೯೯೯ರಲ್ಲಿ ತಾನೇ ‘ಆಸ್ಟರಿಸ್ಕ್’ ಎಂಬ ತಂತ್ರಾಂಶವನ್ನು ಬರೆದನು. ಅದನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು. ನಮ್ಮ ಪ್ರಯೋಗಶಾಲೆಯ ಮೂಲೆಯಲ್ಲಿ ಬಿದ್ದಿದ್ದ ಯಂತ್ರವೊಂದರಲ್ಲಿ ಅದನ್ನು ನೆಲೆಗೊಳಿಸಿ ನಾನೂ ನನ್ನ ವಿದ್ಯಾರ್ಥಿಗಳೂ ಪಾಠ ಕಲಿತೆವು.

ಮಾತು ಇಂಟರ್ನೆಟ್ಟಿನಲ್ಲಿ ಹೇಗೆ ಸಾಗುತ್ತದೆ? ಧ್ವನಿಯ ಅಲೆಯನ್ನು ಸೆಕೆಂಡಿಗೆ ೮,೦೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಬೈಟಿನಲ್ಲಿ ಬರೆಯುವರು. ಇಪ್ಪತ್ತು ಮಿಲಿಸೆಕೆಂಡಿಗೆ ೧೬೦ ಬೈಟುಗಳಾದುವು. ಅವನ್ನು ಒಂದು ಪೊಟ್ಟಣವಾಗಿ ಕಟ್ಟಿ, ಮೇಲೆ ೪೦ ಬೈಟಿನ ವಿಳಾಸಚೀಟಿಯನ್ನು ಅಂಟಿಸುವರು. ಸಕ್ಕರೆಯ ತೂಕದ ಕಾಲುಭಾಗ ಕಾಗದವೇ ಆಯಿತಲ್ಲ ಎಂದು ನೀವು ನಗಬಹುದು; ಆದರೆ ದೊಡ್ಡ ಪೊಟ್ಟಣ ಕಟ್ಟಿದರೆ ಅದು ತುಂಬುವವರೆಗೆ ಮಾತು ಕಾಯಬೇಕು. ಬಾಯಿಂದ ಕಿವಿಗೆ ೧೫೦ ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ಸಂಭಾಷಣೆ ತೊಡಕಾಗತೊಡಗುತ್ತದೆ.

ಇಲ್ಲಿ ನೆನಪಿಡಬೇಕಾದ ಸಂಗತಿಯೊಂದುಂಟು. ಗಂಟೆ ಬಾರಿಸುವ ವ್ಯವಹಾರ ಬೇರೆ, ಮಾತಿನ ಸಾಗಣೆ ಬೇರೆ. ‘ಸಿಪ್’ ಎಂಬ ನಿಯಮಾವಳಿಯು ಮದುವೆಯ ಮಧ್ಯಸ್ಥನಂತೆ ಎರಡು ಕಡೆಯವರ ವಿಳಾಸಗಳನ್ನು ಪರಸ್ಪರ ತಿಳಿಸಿ ಹಿಂದೆ ಸರಿಯುತ್ತದೆ. ಧ್ವನಿಯ ಪೊಟ್ಟಣಗಳು ಆ ವಿಳಾಸಗಳನ್ನು ನಂಬಿ ಹೊರಡುತ್ತವೆ. ನಾವು ಎಡವಿದುದು ಇಲ್ಲಿಯೇ.

ಸಿಂದಗಿ ತಾಲ್ಲೂಕಿನ ಯಂಕಂಚಿಯ ವಿದ್ಯಾರ್ಥಿಯೊಬ್ಬನು ರಜೆಯಲ್ಲಿ ಊರಿಗೆ ಹೋಗಿದ್ದನು. ಅವನ ಮೊಬೈಲಿಗೆ ೧೦೩ ಎಂಬ ಸಂಖ್ಯೆಯನ್ನು ಕೊಟ್ಟಿದ್ದೆವು. ಅವನು ೧೦೧ನ್ನು ಒತ್ತಿದೊಡನೆ ಪ್ರಯೋಗಶಾಲೆಯಲ್ಲಿ ಗಂಟೆ ಬಾರಿಸಿತು. “ಸರ್, ಕೇಳಸ್ತದೇನ್ರಿ?” ಎಂಬ ಧ್ವನಿ ಸ್ಪಷ್ಟವಾಗಿ ಬಂದಿತು. ನಾವು ಎಷ್ಟು ಕೂಗಿದರೂ ಅವನದು ಮತ್ತೆ ಅದೇ ಪ್ರಶ್ನೆ! ತಂತಿಯನ್ನೂ ಮೈಕನ್ನೂ ಪರೀಕ್ಷಿಸಿ ಎರಡು ದಿನ ಕಳೆದೆವು. ಕೊನೆಗೆ ಪೊಟ್ಟಣಗಳನ್ನೇ ಬಿಚ್ಚಿ ನೋಡಿದಾಗ ಗುಟ್ಟು ಹೊರಬಿದ್ದಿತು. ಮೊಬೈಲ್ ಜಾಲವು ಅವನ ಫೋನಿಗೆ ೧೦ರಿಂದ ಮೊದಲಾಗುವ ಒಳವಿಳಾಸವನ್ನು ಕೊಟ್ಟಿತ್ತು. ಫೋನು ಪಾಪ, ತನಗೆ ತಿಳಿದ ಆ ವಿಳಾಸವನ್ನೇ ಪತ್ರದಲ್ಲಿ ಬರೆದಿತ್ತು. ಊರ ಹೆಸರಿಲ್ಲದೆ ಬರಿಯ ಮನೆಯ ಸಂಖ್ಯೆ ಬರೆದ ಕಾಗದದಂತೆ ಅದು ಹೊರಗಿನವರಿಗೆ ನಿರುಪಯುಕ್ತ. ನಮ್ಮ ಹೊರವಿಳಾಸವು ಸರಿಯಾಗಿದ್ದುದರಿಂದ ಅವನ ಮಾತು ನಮಗೆ ತಲುಪಿತು; ನಮ್ಮದು ದಾರಿಯಲ್ಲಿಯೇ ಕಳೆದುಹೋಯಿತು. ಪತ್ರದೊಳಗಿನ ವಿಳಾಸವನ್ನು ಬಿಟ್ಟು, ಅವನ ಪೊಟ್ಟಣಗಳು ನಿಜವಾಗಿ ಯಾವ ಹೊರವಿಳಾಸದಿಂದ ಬರುತ್ತಿವೆಯೋ ಅಲ್ಲಿಗೇ ಉತ್ತರ ಕಳುಹಿಸೆಂದು ಕೇಂದ್ರಕ್ಕೆ ಒಂದೇ ಸಾಲಿನ ಆಜ್ಞೆ ಕೊಟ್ಟೆವು. ಯಂಕಂಚಿ ಮಾತಾಡಿತು.

ಧ್ವನಿ ಅಂಚೆಯು ಇದಕ್ಕಿಂತ ಸುಲಭ. ೧೦೧ನ್ನು ೨೦ ಸೆಕೆಂಡು ಬಾರಿಸು. ಯಾರೂ ಎತ್ತದಿದ್ದರೆ ಪೆಟ್ಟಿಗೆಗೆ ಒಪ್ಪಿಸು. ಇವು ಎರಡು ಸಾಲುಗಳು. ನಮ್ಮವನೊಬ್ಬ ಇವನ್ನು ಹಿಂದುಮುಂದಾಗಿ ಬರೆದುದರಿಂದ ಒಂದು ಮಧ್ಯಾಹ್ನವೆಲ್ಲ ಗಂಟೆಯೇ ಬಾರಿಸಲಿಲ್ಲ. ಗುಪ್ತಸಂಖ್ಯೆಯ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ತಯಾರಕರು ಕೊಟ್ಟ ೧೨೩೪ರಂಥ ಸಂಖ್ಯೆಗಳನ್ನು ಜನ ಬದಲಾಯಿಸದೆ ಬಿಡುವರು. ಇಂಗ್ಲೆಂಡಿನಲ್ಲಿ ಪತ್ರಿಕೆಯೊಂದರ ವರದಿಗಾರರು ಪರರ ಧ್ವನಿ ಅಂಚೆಯನ್ನು ಕದ್ದು ಕೇಳಿದುದು ಬಯಲಾಗಿ, ೧೬೮ ವರ್ಷ ನಡೆದ ‘ನ್ಯೂಸ್ ಆಫ್ ದಿ ವರ್ಲ್ಡ್’ ೨೦೧೧ರ ಜುಲೈಯಲ್ಲಿ ಮುಚ್ಚಿತು. ಕೇಂದ್ರದ ಗುಪ್ತಪದವೇ ಕಳ್ಳರಿಗೆ ಸಿಕ್ಕರಂತೂ ಅವರು ರಾತ್ರಿಯೆಲ್ಲ ಪರದೇಶಗಳಿಗೆ ಕರೆ ಮಾಡಿ ಲೆಕ್ಕವನ್ನು ಕಛೇರಿಯ ತಲೆಗೆ ಕಟ್ಟುವರು. ಆದುದರಿಂದ ಪ್ರತಿಯೊಂದು ಸಂಖ್ಯೆಗೂ ಉದ್ದವಾದ ಬೇರೆ ಬೇರೆ ಗುಪ್ತಪದವನ್ನಿಟ್ಟು, ಬೇಡದ ಹೊರಕರೆಗಳನ್ನು ಮುಚ್ಚಿದೆವು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಮೊದಲನೆಯ ಸಂದೇಶ ಕಾದಿತ್ತು: “ಸರ್, ಬಸ್ ಸಿಗಲಿಲ್ಲಂದ್ರ ನಾಳೆ ತಡಾ ಆಗ್ತದ್ರಿ.” ಏಳು ಸೆಕೆಂಡು, ೫೬,೦೦೦ ಬೈಟು.