ಇನ್ನೂರ ಏಳು ರೂಪಾಯಿಗೆ ಎಷ್ಟು ಅಕ್ಷರ?

ಠಾಣಾ ಕುಶನೂರ ಎಲ್ಲಿದೆ ಅಂತ ಬೆಂಗಳೂರಿನ ಸ್ಟುಡಿಯೋದಲ್ಲಿ ಕೇಳಿದರೆ ಅರ್ಧ ಜನ ಫೋನ್ ತೆಗೆದು ನಕ್ಷೆ ನೋಡ್ತಾರೆ. ಬೀದರ್ ಜಿಲ್ಲೆ, ಮೊದಲು ಔರಾದ್ ತಾಲ್ಲೂಕು, ಈಗ ಕಮಲನಗರ. ಮಹಾರಾಷ್ಟ್ರದ ಗಡಿ ಹತ್ತಿರ. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಸೀಮೆ. ವಯಸ್ಕರ ಶಿಕ್ಷಣದ ದುಡ್ಡಿನ ಲೆಕ್ಕವನ್ನು ನಾನು ಇವತ್ತು ಅಲ್ಲಿಂದಲೇ ಶುರು ಮಾಡ್ತೀನಿ.

2011ರ ಜನಗಣತಿ ಪ್ರಕಾರ ಬೀದರ್ ಜಿಲ್ಲೆಯ ಸಾಕ್ಷರತೆ ಶೇ. 70.51. ಹೆಣ್ಣುಮಕ್ಕಳದ್ದು ಶೇ. 61.55. ಹತ್ತು ಜನ ಹೆಣ್ಣುಮಕ್ಕಳಲ್ಲಿ ಸುಮಾರು ನಾಲ್ವರಿಗೆ ಓದು ಬರಹ ಇಲ್ಲ. ಇದರಲ್ಲೂ ಒಂದು ಸೂಕ್ಷ್ಮ ಇದೆ. ಯಾವುದೇ ಒಂದು ಭಾಷೆ ಓದಿ ಬರೆಯೋಕೆ ಬಂದರೂ ಜನಗಣತಿಯಲ್ಲಿ ಸಾಕ್ಷರರೇ. ಮರಾಠಿ ಮಾತ್ರ ಓದಬಲ್ಲ ತಾಯಿ ಕಾಗದದ ಮೇಲೆ ಸಾಕ್ಷರೆ. ಪಂಚಾಯಿತಿಯ ಕನ್ನಡ ನೋಟಿಸ್ ಮುಂದೆ ಆಕೆಯೂ ಪಕ್ಕದವರ ಮುಖ ನೋಡಬೇಕು.

ಮಕ್ಕಳಿಗೆ ಕಾನೂನಿದೆ. 2010ರಿಂದ 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕು. ಐವತ್ತರ ಹೆಂಗಸಿಗೆ ಹಕ್ಕಿಲ್ಲ, ಯೋಜನೆ ಮಾತ್ರ. ಯೋಜನೆಗೆ ಅವಧಿ ಇರುತ್ತೆ, ಮುಗಿಯುತ್ತೆ.

2009ರ ಸೆಪ್ಟೆಂಬರ್ 8ಕ್ಕೆ ಬಂತು ಸಾಕ್ಷರ ಭಾರತ. ಮಹಿಳಾ ಸಾಕ್ಷರತೆ ಹಿಂದೆ ಬಿದ್ದ ಜಿಲ್ಲೆಗಳಿಗಾಗಿಯೇ ಮಾಡಿದ್ದು. ಮೀಸಲಿಟ್ಟ ಹಣ 6,502.70 ಕೋಟಿ ರೂಪಾಯಿ, ಗುರಿ 7 ಕೋಟಿ ಜನ. ಭಾಗಿಸಿ ನೋಡಿ, ತಲೆಗೆ ಸುಮಾರು 929 ರೂಪಾಯಿ. ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅದಕ್ಕೆ ಇಬ್ಬರು ಪ್ರೇರಕರು, ತಿಂಗಳಿಗೆ ತಲಾ 2,000 ಗೌರವಧನ. ಕಡಿಮೆಯೇ, ಆದರೂ ಬಾಗಿಲು ತೆಗೆಯೋಕೆ ಒಬ್ಬರಿದ್ದರು. 2018ರ ಮಾರ್ಚ್ 31ಕ್ಕೆ ಅದು ಮುಗೀತು.

ಈಗಿನದು ಉಲ್ಲಾಸ್, ಅಂದರೆ ನವ ಭಾರತ ಸಾಕ್ಷರತಾ ಕಾರ್ಯಕ್ರಮ. 2022ರಿಂದ 2027ರವರೆಗೆ 5 ಕೋಟಿ ಜನರ ಗುರಿ, ಮೀಸಲು 1,037.90 ಕೋಟಿ. ಕೇಂದ್ರದ್ದು 700, ಉಳಿದದ್ದು ರಾಜ್ಯಗಳದ್ದು. ಒಬ್ಬರಿಗೆ 207 ರೂಪಾಯಿ ಚಿಲ್ಲರೆ! ಕಲಿಸುವವರು ಸ್ವಯಂಸೇವಕರು, ಸಂಬಳ ಇಲ್ಲ. ಸೇವೆ ದೊಡ್ಡದು, ಒಪ್ಪಿದೆ. ಆದರೆ ಹಗಲೆಲ್ಲ ಹೊಲದಲ್ಲಿ ದುಡಿದವಳಿಗೆ ರಾತ್ರಿ ಪಾಠ ಹೇಳೋಕೆ ಪುಕ್ಕಟೆಯಾಗಿ ಎಷ್ಟು ದಿನ ಬರ್ತಾರೆ ಸ್ವಾಮಿ?

ಹೆಬ್ಬೆಟ್ಟು ಮೊದಲು ನಾಚಿಕೆಯ ಗುರುತಾಗಿತ್ತು. ಈಗ ಆಧಾರ್ ಯಂತ್ರ ಎಲ್ಲರ ಬೆರಳನ್ನೂ ಕೇಳುತ್ತೆ, ಹಾಗಾಗಿ ಓದು ಬಾರದವರು ಯಾರು ಅಂತ ಯಾರಿಗೂ ಕಾಣೋದೇ ಇಲ್ಲ. ಗೃಹಲಕ್ಷ್ಮಿಯ 2,000 ತೆಗೆಯಲು ಬೆರಳು ಒತ್ತುವ ತಾಯಿಗೆ ಪರದೆ ಮೇಲೆ ಮೂಡಿದ ಅಂಕಿ ಎರಡು ಸಾವಿರವೋ ಎರಡೂವರೆಯೋ ಗೊತ್ತಾಗಬೇಕು. ಸಂಘದ ಸಾಲದ ಪತ್ರದಲ್ಲಿ ಏನಿದೆ ಅಂತ ತಿಳೀಬೇಕು. ನನ್ನ ಲೆಕ್ಕದಲ್ಲಿ ಸಾಕ್ಷರತೆ ಅಂದರೆ ಇಷ್ಟೇ.

ದುಡ್ಡಿಲ್ಲ ಅನ್ನಬೇಡಿ. 371(ಜೆ) ಸಿಕ್ಕ ಪ್ರದೇಶ ಇದು. 2023-24ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಿಸಿದ್ದು 5,000 ಕೋಟಿ. ಪಂಚಾಯಿತಿಗೆ ಒಬ್ಬ ಪ್ರೇರಕಿ, ತಿಂಗಳಿಗೆ 6,000 ಅಂದರೂ ವರ್ಷಕ್ಕೆ 72,000. ಮಂಡಳಿಯ ಕ್ರಿಯಾ ಯೋಜನೆಯಲ್ಲಿ ಇದಕ್ಕೊಂದು ಸಾಲು ಯಾಕೆ ಹಾಕಬಾರದು? ಬೀದರಿನ ಶಾಸಕರು ಉತ್ತರ ಹೇಳಲಿ, ನಮ್ಮ ಕ್ಯಾಮೆರಾ ಬರುತ್ತೆ.