ಗರ್ಭಿಣಿಗೆ ‘ರುಬೆಲ್ಲಾ ಪಾಸಿಟಿವ್’: ಒಂದೇ ರಿಪೋರ್ಟ್ ನೋಡಿ ನಿರ್ಧರಿಸಬೇಡಿ

ಬಹಳ ವರ್ಷಗಳ ದುಆದ ನಂತರ ಗರ್ಭ ನಿಂತಿದೆ. ಒಂಬತ್ತನೇ ವಾರದ ರಕ್ತಪರೀಕ್ಷೆಯಲ್ಲಿ ‘ರುಬೆಲ್ಲಾ ಐಜಿಎಂ ಪಾಸಿಟಿವ್’ ಎಂದು ಬರೆದಿದೆ. ‘ಮಗುವಿಗೆ ಊನವಾಗಬಹುದು, ತೆಗೆಸಿಬಿಡಿ’ ಎಂದು ಯಾರೋ ಹೇಳುತ್ತಾರೆ. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಇಂತಹ ರಿಪೋರ್ಟ್ ಹಿಡಿದು ದವಾಖಾನೆಗೆ ಬರುವವರಿಗೆ ನಾನು ಹೇಳುವುದು ಒಂದೇ: ಸ್ವಲ್ಪ ತಾಳಿ, ಪರೀಕ್ಷೆ ಇನ್ನೂ ಮುಗಿದಿಲ್ಲ.

ಭಯಕ್ಕೆ ಕಾರಣ ಇಲ್ಲದಿಲ್ಲ. ದೊಡ್ಡವರಿಗೆ ರುಬೆಲ್ಲಾ ಸಣ್ಣ ಜ್ವರ, ಮೈಮೇಲೆ ಕೆಂಪು ದದ್ದುಗಳಾಗಿ ಬಂದು ಹೋಗುತ್ತದೆ. ಕೆಲವರಿಗೆ ಬಂದದ್ದೇ ತಿಳಿಯುವುದಿಲ್ಲ. ಆದರೆ ಗರ್ಭದ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿಯಾಗುವ ಸಂಭವ ಹೆಚ್ಚು. 1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ ಇದನ್ನು ಮೊದಲು ಗುರುತಿಸಿದರು. 20 ವಾರ ಕಳೆದ ಮೇಲೆ ಅಪಾಯ ತೀರಾ ಕಡಿಮೆ. ಹಾಗಾಗಿ ಸೋಂಕು ಯಾವಾಗ ತಗುಲಿತು ಎಂಬುದೇ ಮುಖ್ಯ ಪ್ರಶ್ನೆ.

ರಿಪೋರ್ಟ್ ಓದುವುದು ಹೇಗೆ?

ಸೋಂಕು ತಗುಲಿದಾಗ ರಕ್ತದಲ್ಲಿ ಮೊದಲು ಕಾಣುವ ಪ್ರತಿಕಾಯ ಐಜಿಎಂ. ಸ್ವಲ್ಪದರಲ್ಲೇ ಐಜಿಜಿ ಬಂದು ಬಹುಮಟ್ಟಿಗೆ ಜೀವನವಿಡೀ ಉಳಿಯುತ್ತದೆ. ಐಜಿಜಿ ಮಾತ್ರ ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ಅದು ಶುಭಸುದ್ದಿ: ಹಿಂದೆ ಬಂದ ರೋಗದಿಂದಲೋ ಲಸಿಕೆಯಿಂದಲೋ ನಿಮಗೆ ರಕ್ಷಣೆ ಇದೆ.

ಗೊಂದಲವಿರುವುದು ಐಜಿಎಂನಲ್ಲಿ. ಕೆಲವರಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಬೇರೆ ವೈರಸ್ ಸೋಂಕಿದ್ದಾಗಲೂ ತಪ್ಪಾಗಿ ಪಾಸಿಟಿವ್ ತೋರಿಸಬಹುದು.

ಇಲ್ಲಿ ನೆರವಾಗುವುದು ‘ಐಜಿಜಿ ಅವಿಡಿಟಿ’ ಪರೀಕ್ಷೆ. ಹೊಸ ಐಜಿಜಿ ವೈರಸ್ಸನ್ನು ಸಡಿಲವಾಗಿ ಹಿಡಿಯುತ್ತದೆ. ತಿಂಗಳುಗಳು ಕಳೆದಂತೆ ಹಿಡಿತ ಬಿಗಿಯಾಗುತ್ತದೆ. ಹಿಡಿತ ಬಿಗಿಯಾಗಿದ್ದರೆ ಸೋಂಕು ಸುಮಾರು ಮೂರು ತಿಂಗಳಿಗಿಂತ ಹಳೆಯದು. ಒಂಬತ್ತನೇ ವಾರದಲ್ಲಿ ಹೀಗೆ ಬಂದರೆ, ಸೋಂಕು ಗರ್ಭಕ್ಕೂ ಮುಂಚಿನದೆಂದು ತಿಳಿಯಬಹುದು. ಇದೇ ಫಲಿತಾಂಶ ಐದನೇ ತಿಂಗಳಲ್ಲಿ ಬಂದರೆ ಅಷ್ಟು ನೆಮ್ಮದಿ ಕೊಡದು. ಆದ್ದರಿಂದ ಪರೀಕ್ಷೆ ತಡಮಾಡಬೇಡಿ. ಹಿಡಿತ ಸಡಿಲವಾಗಿದ್ದರೆ ಸೋಂಕು ಇತ್ತೀಚಿನದಿರಬಹುದು. ಆಗ ಭ್ರೂಣದ ಆರೋಗ್ಯ ನೋಡುವ ತಜ್ಞರ ಸಲಹೆ ಅಗತ್ಯ. ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷಿಸಿ ಹೋಲಿಸುವುದೂ ಉಂಟು.

ನೀವು ಮಾಡಬೇಕಾದದ್ದು

ಹಳೆಯ ರಿಪೋರ್ಟ್‌ಗಳು, ತಾಯಿ ಕಾರ್ಡ್, ಕೊನೆಯ ಮುಟ್ಟಿನ ದಿನಾಂಕ, ಜ್ವರ ಅಥವಾ ದದ್ದು ಬಂದ ದಿನ, ಎಲ್ಲವನ್ನೂ ಹೆರಿಗೆ ತಜ್ಞರಿಗೆ ತಿಳಿಸಿ. ನಾನು ಯುನಾನಿ ವೈದ್ಯ. ಆದರೂ ಹೇಳುತ್ತೇನೆ, ಗರ್ಭದಲ್ಲಿರುವ ಮಗುವನ್ನು ಈ ವೈರಸ್‌ನಿಂದ ಕಾಪಾಡುವ ಕಷಾಯವಾಗಲಿ ಮಾಜೂನ್ ಆಗಲಿ ನಮ್ಮಲ್ಲಿಲ್ಲ. ಯಾರಾದರೂ ಕೊಟ್ಟರೆ ಸೇವಿಸಬೇಡಿ.

ಎರಡೂ ನೆಗೆಟಿವ್ ಇದ್ದರೆ ನಿಮಗೆ ರಕ್ಷಣೆ ಇಲ್ಲವೆಂದರ್ಥ. ಗರ್ಭಿಣಿಗೆ ಈ ಲಸಿಕೆ ಕೊಡುವಂತಿಲ್ಲ. ಹೆರಿಗೆಯ ನಂತರ ಹಾಕಿಸಿಕೊಳ್ಳಿ. ಮದುವೆಗೆ ಸಿದ್ಧರಾಗಿರುವ ಹೆಣ್ಣುಮಕ್ಕಳು ಲಸಿಕೆ ಪಡೆದಿದ್ದಾರೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಈಗಲೇ ಹಾಕಿಸಿ, ಆಮೇಲೆ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಂಡರಾಯಿತು. ಒಡವೆ ಬಟ್ಟೆಯ ಪಟ್ಟಿಯಲ್ಲಿ ಇದೂ ಒಂದಿರಲಿ.